ಹತ್ತರ ಮೇಲೊಂದು ಹನಿ

ನನ್ನ ಗಂಡ ಇಪ್ಪತ್ತಾರು ವರ್ಷದಿಂದ ಪೈಪ್ ಕಾರ್ಖಾನೆಯ ಸ್ಟೋರ್ ಕೀಪರ್. ಕೇಳಿದ ಸಾಮಾನನ್ನು ಕೇಳಿದ ದಿನವೇ ಕೊಟ್ಟುಬಿಟ್ಟರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಮನೆಯಲ್ಲೂ ಅದೇ ಕಥೆ. ಮುರಿದ ಸ್ಟೂಲು, ಖಾಲಿ ಡಬ್ಬ, ಒಂಟಿ ಚಪ್ಪಲಿ, ನಾನು ಏನನ್ನು ಎಸೆಯಹೋದರೂ ‘ಇರಲಿ’ ಎನ್ನುತ್ತಾರೆ. ಇರಲಿ ಇರಲಿ ಎಂದೇ ಮನೆಯಲ್ಲಿ ಕಿಟಕಿಯಿರುವ ಒಂದೇ ಒಂದು ಕೋಣೆ ಸೂರಿನ ತನಕ ತುಂಬಿತು. ನನ್ನ ಹೊಲಿಗೆ ಮಿಷನ್ನಿಗೆ ಸಿಕ್ಕಿದ್ದು ಕತ್ತಲ ಹಜಾರ. ಸೂಜಿಗೆ ದಾರ ಪೋಣಿಸಬೇಕಾದರೆ ಬೀದಿ ಬಾಗಿಲ ತನಕ ಹೋಗಬೇಕು. ಕಣ್ಣೇ ಹೋಗಿಬಿಡುತ್ತದೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ನಮ್ಮ ಜಗಳ ಕೇಳಿ ಕೇಳಿ ಸಾಕಾದ ಮಗಳು ಒಂದು ಪಂಚಾಯಿತಿ ಮಾಡಿದಳು. ಇಬ್ಬರ ಫೋನಿಗೂ ಅವಳೇ ಹಾಕಿಕೊಟ್ಟ ಕಾರ್ಡಿನ ಆಟವೊಂದಿದೆ. ಮೂರು ನಿಮಿಷದ ಯುದ್ಧ. ಶಕ್ತಿಯ ಹನಿಗಳು ಹತ್ತರ ತನಕ ತಾವಾಗಿಯೇ ತುಂಬುತ್ತಾ ಹೋಗುತ್ತವೆ. ಹನಿ ಖರ್ಚು ಮಾಡಿ ಕಾರ್ಡು ಇಳಿಸಿದರೆ ಅದರಲ್ಲಿರುವ ಪ್ರಾಣಿಯೋ ಸೈನಿಕನೋ ಎದುರಿನವರ ಕೋಟೆಗೆ ನುಗ್ಗುತ್ತದೆ. ಹೊತ್ತು ಮುಗಿದಾಗ ಯಾರ ಕೋಟೆ ಹೆಚ್ಚು ಕೆಟ್ಟಿದೆಯೋ ಅವರು ಸೋತಂತೆ. ಒಂದೇ ಆಟ, ಗೆದ್ದವರಿಗೆ ಕಿಟಕಿ ಕೋಣೆ. ಇವರು ಮೀಸೆಯಲ್ಲೇ ನಕ್ಕು ಒಪ್ಪಿದರು. ಕೂಡಿಡುವ ಆಟದಲ್ಲಿ ಸ್ಟೋರ್ ಕೀಪರನನ್ನು ಸೋಲಿಸುವವರುಂಟೇ?

ಭಾನುವಾರ ಬೆಳಿಗ್ಗೆ ಎದುರುಬದುರು ಕೂತೆವು. ಎರಡು ಹನಿ ಸೇರಿದರೆ ನಾನು ಇಲಿ ಬಿಟ್ಟೆ, ಮೂರು ಸೇರಿದರೆ ಬಿಲ್ಲುಗಾರನನ್ನು ಕಳಿಸಿದೆ. ಕೈಗೆ ಬಂದದ್ದು ಬಂದ ಹಾಗೇ ಖರ್ಚು. ಇವರ ಕೈಯಲ್ಲಿ ಎಂಟು ಹನಿಯ ಆನೆಯಿತ್ತು, ಹನಿಯೂ ತುಂಬಿತ್ತು, ಬಿಡಲು ಮನಸ್ಸು ಮಾತ್ರ ಇರಲಿಲ್ಲ.

“ಹತ್ತು ತುಂಬ್ತಪ್ಪ. ಇನ್ನು ಬರೋದೆಲ್ಲ ದಂಡ,” ಎಂದಳು ಮಗಳು.

“ಹನಿ ಹನಿ ಗೂಡಿದ್ರೆ ಹಳ್ಳ ಕಣೇ. ಇರಲಿ.”

“ಇಲ್ಲಿ ಹಳ್ಳಕ್ಕೆ ಹತ್ತೇ ಹನಿ.”

ಅಷ್ಟರಲ್ಲಿ ನನ್ನ ಇಲಿಗಳು ಇವರ ಕೋಟೆಯನ್ನು ಅರ್ಧ ಕೆರೆದಿದ್ದವು. ಇವರು ಆನೆ ಇಳಿಸಿದಾಗ ಉಳಿದದ್ದು ಆರು ಸೆಕೆಂಡು. ಆನೆ ಗಂಭೀರವಾಗಿ ನಾಲ್ಕು ಹೆಜ್ಜೆ ಹಾಕಿತು, ಆಟ ಮುಗಿಯಿತು. ಆನೆಗೆ ಒಂದು ಗೀರೂ ಬಿದ್ದಿಲ್ಲ ನೋಡು ಎಂದು ಇವರು ಹೆಮ್ಮೆಯಿಂದ ತೋರಿಸಿದರು.

ಮಾತಿಗೆ ಮಾತ್ರ ತಪ್ಪಲಿಲ್ಲ. ಸಂಜೆಯೊಳಗೆ ಸಾಮಾನೆಲ್ಲ ಗುಜರಿಯವನ ಗಾಡಿ ಏರಿತು. ನಾನು ಸೊಂಟದ ಮೇಲೆ ಕೈಯಿಟ್ಟು, ಒಂದೊಂದಕ್ಕೂ ಒಂದೊಂದು ಕುಟುಕು ಮಾತು ಸೇರಿಸಿ, ಗೆದ್ದ ಸುಖವನ್ನೆಲ್ಲ ಅನುಭವಿಸಿದೆ.

ಎಲ್ಲದರ ಅಡಿಯಿಂದ ಕೊನೆಗೆ ಒಂದು ಟ್ರಂಕು ಬಂತು. ಅದು ನನ್ನದು. ಒಳಗೆ ಎರಡು ಮೀಟರ್ ಹಳದಿ ಬಟ್ಟೆ, ಮೈತುಂಬ ಪುಟ್ಟ ಬಾತುಕೋಳಿಗಳು. ಮಗಳಿಗೆ ಮೂರು ವರ್ಷವಿದ್ದಾಗ ಫ್ರಾಕಿಗೆಂದು ತಂದದ್ದು. ಒಳ್ಳೆಯ ಬಟ್ಟೆ, ಕತ್ತರಿ ಹಾಕಿ ಕೆಡಿಸುವುದು ಬೇಡ, ಕೈ ಇನ್ನಷ್ಟು ಪಳಗಲಿ ಎಂದು ಎತ್ತಿಟ್ಟಿದ್ದೆ. ಕೈ ಪಳಗಿತು. ಮಗಳಿಗೀಗ ಇಪ್ಪತ್ತೆರಡು. ಅವಳು ಅದನ್ನು ಭುಜದಿಂದ ಇಳಿಬಿಟ್ಟುಕೊಂಡು ನೋಡಿದಳು. ಮಡಿಕೆಯಿದ್ದ ಕಡೆಯೆಲ್ಲ ಬಟ್ಟೆ ಪಿಸಿದು ಹರಿಯಿತು.

ಇವರು ನಗುತ್ತಾರೆಂದು ಕಾದೆ. ನಗಲಿಲ್ಲ.

“ಎಸೀಲಾ?” ಎಂದು ಮೆಲ್ಲಗೆ ಕೇಳಿದರು.

“ಇರಲಿ,” ಎಂದೆ.