ಕೋವಿ ತೆಗೆದವನು

"ಈ ಕೋವಿ ಮೇಲೆ ಹಿಂದೊಂದು ಕೇಸಾಗಿದೆಯಲ್ರೀ," ಎಂದ ಸ್ಟೇಷನ್ ರೈಟರ್ ಸುರೇಂದ್ರ, ಹಳೆಯ ಫೈಲಿನಿಂದ ತಲೆ ಎತ್ತದೆ.

ಅವನ ಬೆನ್ನಹಿಂದಿನ ಗೋಡೆಗೆ ಇಪ್ಪತ್ತಕ್ಕೂ ಹೆಚ್ಚು ಕೋವಿಗಳು ಸಾಲಾಗಿ ಒರಗಿದ್ದವು. ಒಂದೊಂದರ ಕುತ್ತಿಗೆಗೂ ಹೆಸರು ಬರೆದ ರಟ್ಟಿನ ಚೂರು. ಎಲ್ಲಕ್ಕಿಂತ ಗಿಡ್ಡನೆಯ ಒಂಟಿನಳಿಗೆ ಕೋವಿಯನ್ನು ತೀರ್ಥೇಶ್ ಒಳಗೆ ಬರುವಾಗಲೇ ಗುರುತು ಹಿಡಿದಿದ್ದ. ಅಪ್ಪ ಸುಬ್ಬರಾಯಗೌಡರು ಕಾರ್ತೀಕದಲ್ಲಿ ತೀರಿಕೊಂಡಿದ್ದರು. ತಿಥಿ ಮುಗಿದ ವಾರಕ್ಕೆ ತಾನೇ ಅದನ್ನು ತಂದು ಠಾಣೆಯಲ್ಲಿ ಇಟ್ಟು ಹೋಗಿದ್ದ. ಈಗ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮರಣ ಪತ್ರ, ಅಮ್ಮ ದುಗ್ಗಮ್ಮನ ಒಪ್ಪಿಗೆ ಪತ್ರ, ಎಲ್ಲ ಜೋಡಿಸಿಕೊಂಡು ಬಂದಿದ್ದ.

"ಎಂಬತ್ತೈದನೇ ಇಸವಿದು. ನೀವೇ ಓದಿ ನೋಡಿ," ಎಂದು ಸುರೇಂದ್ರ ಫೈಲನ್ನು ಅವನ ಕಡೆಗೆ ತಿರುಗಿಸಿದ.

ಅಂಚು ಹರಿದ ಹಾಳೆಯಲ್ಲಿ ಅಪ್ಪನ ಹೇಳಿಕೆ ಇತ್ತು. 'ನಮ್ಮ ಗದ್ದೆ ಕೆಲಸದ ಜಟ್ಟಿಂಗಪ್ಪನ ಮಗ ದುರ್ಗೇಶ, ವಯಸ್ಸು ಹದಿಮೂರು, ನಾನು ಊರಲ್ಲಿಲ್ಲದ ದಿನ ನಮ್ಮ ಮನೆಯಿಂದ ಕೋವಿಯನ್ನು ಕದ್ದೊಯ್ದು, ಹೊಳೆಯ ಹತ್ತಿರ ಅದನ್ನು ಹಿಡಿಯಲು ತಿಳಿಯದೆ ತನ್ನ ಕೈಗೆ ತಾನೇ ಹೊಡೆದುಕೊಂಡಿರುತ್ತಾನೆ. ಆ ಹೊತ್ತಿನಲ್ಲಿ ನನ್ನ ಮಗ ಮನೆಯಲ್ಲೇ ಇದ್ದನು.' ಅದರ ಕೆಳಗೆ ಇನ್ನೊಂದು ಸಾಲು: 'ಮೇಲೆ ಬರೆದದ್ದು ನಿಜ.' ಅದಕ್ಕೆ ದುರ್ಗೇಶ ಏಳನೇ ಕ್ಲಾಸಿನ ದುಂಡಕ್ಷರದಲ್ಲಿ ತನ್ನ ಹೆಸರು ಬರೆದಿದ್ದ.

ತೀರ್ಥೇಶ್ ಈ ಕಾಗದವನ್ನು ಮೊದಲ ಸಲ ನೋಡುತ್ತಿದ್ದ. ಅದರಲ್ಲಿ ಏನಿದೆಯೆಂಬುದು ಅವನಿಗೆ ಗೊತ್ತಿತ್ತು. ಆದರೆ 'ಕದ್ದೊಯ್ದು' ಎಂಬ ಮಾತನ್ನು ಅಪ್ಪನ ಸಹಿಯ ಮೇಲೆ ಕಂಡು, ಅದನ್ನೇ ಇನ್ನೊಂದು ಸಲ ಓದಿದ.

"ಈ ದುರ್ಗೇಶ ಅನ್ನೋರು ಇದಾರಾ?"

"ಇದಾನೆ. ನಮ್ಮೂರಲ್ಲೇ ಹಿಟ್ಟಿನ ಗಿರಣಿ ಇಟ್ಕೊಂಡಿದಾನೆ."

"ಹಂಗಾದ್ರೆ ತೊಂದ್ರೆ ಇಲ್ಲ. ನಂದೇನೂ ತಕರಾರಿಲ್ಲ ಅಂತ ಅವ್ರಿಂದ ಒಂದು ಹೇಳಿಕೆ ಬರ್ಸಿ ಸೈನ್ ಹಾಕ್ಸಿ ತನ್ನಿ. ನಾಳೆ ಸಾಹೇಬ್ರು ಕೇಳಿದ್ರೆ ತೋರ್ಸಕ್ಕೆ ನಂಗೊಂದು ಕಾಗದ ಬೇಕು, ಅಷ್ಟೆ."

ಬೈಕಿನ ಹತ್ತಿರ ಬಂದವನು ತಕ್ಷಣ ಹೊರಡಲಿಲ್ಲ. ಪೆಟ್ಟಿಗೆಯಂಗಡಿಯಲ್ಲಿ ಎರಡು ಬಿಳಿ ಹಾಳೆ, ಒಂದು ಪೆನ್ನು ಕೊಂಡು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ.

ಆ ವರ್ಷ ಬೇಸಿಗೆ ರಜೆಯಲ್ಲಿ ಅವನೂ ದುರ್ಗೇಶನೂ ಆರೇಳು ಸಲ ಕೋವಿ ತೆಗೆದುಕೊಂಡು ಶರಾವತಿಯ ದಡಕ್ಕೆ ಹೋಗಿದ್ದರು. ಅಪ್ಪ ತೀರ್ಥಹಳ್ಳಿಗೆ ಹೊರಟ ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನೇ ಕಾದು, ತೀರ್ಥೇಶ್ ನಡುಮನೆಯ ಗೂಟದಿಂದ ಅದನ್ನು ಇಳಿಸುತ್ತಿದ್ದ. ಹುಡುಗರ ಹೆಗಲಿಗೆ ಹೇಳಿ ಮಾಡಿಸಿದಷ್ಟು ಹಗುರವಾದ ಕೋವಿ. ನಡುವಿನ ಕೀಲಿನಲ್ಲಿ ಮಡಚಿ ಒಂದೇ ಒಂದು ತೋಟಾ ತುಂಬಬೇಕು. ಡಬ್ಬಿಯಿಂದ ಒಂದಕ್ಕಿಂತ ಹೆಚ್ಚು ತೋಟಾ ಕಡಿಮೆಯಾದರೆ ಅಪ್ಪನಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಒಂದು ದಿನಕ್ಕೆ ಒಂದೇ ಗುಂಡು. ಆ ಒಂದು ಗುಂಡಿಗಾಗಿ ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ವಾಟೆಬಿದಿರಿನ ಮೆಳೆಗಳ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತಿದ್ದರು. ನೀರಂಚಿನ ಹುಂಡುಕೋಳಿ ಎಲ್ಲಿ ಮೇಯುತ್ತದೆ, ಹಸುರು ಪಾರಿವಾಳ ಯಾವ ಹೊತ್ತಿಗೆ ಹಣ್ಣಿಗೆ ಬರುತ್ತದೆ, ಎಲ್ಲ ದುರ್ಗೇಶನಿಗೇ ಗೊತ್ತು. ಕೋವಿ ಮಾತ್ರ ತೀರ್ಥೇಶನ ಕೈಯಲ್ಲಿ. ಬಿದ್ದ ಹಕ್ಕಿಯನ್ನು ಬಂಡೆಯ ಮೇಲೆ ಸುಟ್ಟು, ಉಪ್ಪು ಸವರಿ, ಇಬ್ಬರೂ ಸಮಪಾಲು ತಿನ್ನುತ್ತಿದ್ದರು. ಹಾಗೆ ಸಿಕ್ಕಿದ್ದು ಎರಡೇ ಸಲ. ಉಳಿದ ದಿನ ಗುಂಡು ದಂಡವಾಗಿ, ಹೊಳೆಯಲ್ಲಿ ಈಜಾಡಿ ಮನೆಗೆ ಬಂದದ್ದೇ.

ಕೊನೆಯ ದಿನ ದುರ್ಗೇಶ ತನ್ನಪ್ಪನ ದೋಣಿ ತಂದಿದ್ದ. ದೋಣಿ ಮರಳಿ ಈಚೆ ದಡಕ್ಕೆ ತಾಗುವಾಗ ಹುಲ್ಲಿನಲ್ಲಿ ಹುಂಡುಕೋಳಿ ಕಂಡಿತು. ತೀರ್ಥೇಶ್ ಕೂತಲ್ಲೇ ಕೋವಿಯ ಕುದುರೆಯನ್ನು, ತೋಟಾಕ್ಕೆ ಬಡಿಯುವ ಆ ಕೊಕ್ಕೆಯನ್ನು, ಹಿಂದಕ್ಕೆ ಎತ್ತಿ ಗುರಿ ಹಿಡಿದ. ಹಕ್ಕಿ ಹುಲ್ಲಿನೊಳಗೆ ನುಸುಳಿತು. ದುರ್ಗೇಶ ದಡಕ್ಕೆ ಹಾರಿ, "ಕೊಡಾ, ಇತ್ತಲಾಗೆ ಕೊಡು, ನೀನು ಇಳಿ," ಎಂದು ಎಡಗೈ ಚಾಚಿದ. ಎತ್ತಿದ ಕುದುರೆಯನ್ನು ಇಳಿಸಬೇಕೆಂಬುದು ತೀರ್ಥೇಶನಿಗೆ ನೆನಪಾಗಲಿಲ್ಲ. ನಳಿಗೆಯ ತುದಿಯನ್ನೇ ಮುಂದೆ ಮಾಡಿ ಕೊಟ್ಟ. ದುರ್ಗೇಶ ಎಳೆದುಕೊಂಡ. ದೋಣಿ ಓಲಾಡಿತು. ಕುದುರೆ ದೋಣಿಯ ಅಂಚಿಗೆ ಬಡಿಯಿತು.

ಗುಂಡಿನ ಸದ್ದು ಅಡಗಿದ ಮೇಲೆ ದುರ್ಗೇಶ ಕೂಗಲೂ ಇಲ್ಲ. ತನ್ನ ಎಡಗೈಯಲ್ಲಿ ಬೆರಳುಗಳಿದ್ದ ಜಾಗವನ್ನು ನೋಡುತ್ತ ನೀರಿನಲ್ಲಿ ಕೂತುಬಿಟ್ಟ. ತೀರ್ಥೇಶ್ ಅಂಗಿ ಬಿಚ್ಚಿ ಸುತ್ತಿ, ಜಟ್ಟಿಂಗಪ್ಪನನ್ನು ಕರೆಯಲು ಗದ್ದೆಗೆ ಓಡಿದ.

ಮಾರನೆಯ ದಿನವೇ ಅವನನ್ನು ತೀರ್ಥಹಳ್ಳಿಯ ಅತ್ತೆಯ ಮನೆಗೆ ಸಾಗಿಸಿದರು. ಮುಂದೆ ಶಾಲೆಯೂ ಅಲ್ಲಿಯೇ ಆಯಿತು. "ನೀನು ಅಲ್ಲಿ ಇರ್ಲೇ ಇಲ್ಲ. ತಿಳೀತಾ?" ಎಂದಿದ್ದರು ಅಪ್ಪ. ಒಂದು ವರ್ಷದ ಮೇಲೆ ಊರಿಗೆ ಬಂದಾಗ ದಾರಿಯಲ್ಲಿ ದುರ್ಗೇಶ ಸಿಕ್ಕಿದ. ಎಡಗೈಯನ್ನು ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. "ಯಾವಾಗ ಬಂದ್ರಿ ಗೌಡ್ರೆ?" ಎಂದು ಕೇಳಿದ. ಅವತ್ತಿನಿಂದ ಅವನ ಬಾಯಲ್ಲಿ ತೀರ್ಥೇಶ್ 'ಗೌಡ್ರು' ಆಗಿಯೇ ಉಳಿದ.

ಇದನ್ನೆಲ್ಲ ನುಂಗಿಕೊಂಡು ಬದುಕಬಹುದು ಎಂದು ತೀರ್ಥೇಶ್ ತಿಳಿದಿದ್ದ, ಬದುಕಿಯೂ ಇದ್ದ. ಆದರೆ ಅಪ್ಪನ ತಿಥಿಯ ದಿನ ದುರ್ಗೇಶನ ತಾಯಿ ಕನ್ನಮ್ಮ ಕೋಲೂರಿಕೊಂಡು ಬಂದಿದ್ದಳು. ಎಲ್ಲರ ಎದುರಿಗೇ ಅವನ ಎರಡೂ ಕೈ ಹಿಡಿದು, "ನನ್ ಮಗ ಮಾಡಿದ್ದನ್ನ ಗೌಡ್ರು ಹೊಟ್ಟೇಲಿ ಹಾಕ್ಕಂಡ್ರು, ಸಣ್ಣಗೌಡ್ರೆ. ಬ್ಯಾರೆ ಯಾರಾದ್ರೂ ಆಗಿದ್ರೆ ಕಳ್ಳನ್ನ ಜೈಲಿಗೆ ಹಾಕ್ಸೋರು," ಎಂದಿದ್ದಳು. ನಿಜ ಹೇಳುವ ಬದಲು ಅವನು, "ಊಟ ಮಾಡ್ಕೊಂಡು ಹೋಗು ಕನ್ನಮ್ಮ," ಎಂದು ಕೈ ಬಿಡಿಸಿಕೊಂಡಿದ್ದ. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅದು ನೆನಪಾಗುತ್ತಿತ್ತು.

ಕಲ್ಲುಬೆಂಚಿನ ಮೇಲೆ ಕೂತು ಎರಡು ಹಾಳೆ ತುಂಬ ಬರೆದು, ಮಡಚಿ ಜೇಬಿಗಿಟ್ಟುಕೊಂಡ.

ಗಿರಣಿ ದುರ್ಗೇಶನ ಮನೆಗೆ ತಾಗಿಕೊಂಡೇ ಇತ್ತು. ತೀರ್ಥೇಶ್ ಹೋದಾಗ ಯಂತ್ರ ಓಡುತ್ತಿತ್ತು. ವಿಶಾಲಮ್ಮ ಎಂಬಾಕೆ ಅಕ್ಕಿಯ ಡಬ್ಬಿ ಕೊಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಬಾಗಿಲ ಆಚೆಯ ಚಪ್ಪರದಡಿ ಕನ್ನಮ್ಮ ಮೊರದಲ್ಲಿ ಉದ್ದು ಕೇರುತ್ತಿದ್ದಳು.

"ಬನ್ನಿ ಗೌಡ್ರೆ. ಎಂತ ಈ ಬಿಸ್ಲಲ್ಲಿ?" ಎಂದ ದುರ್ಗೇಶ. ಅವನ ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಎಡಗೈಯಲ್ಲಿ ಉಳಿದಿದ್ದ ಹೆಬ್ಬೆರಳು, ತೋರುಬೆರಳುಗಳಿಂದಲೇ ಚೀಲದ ಬಾಯಿ ಹಿಡಿದು, ಬಲಗೈಯಿಂದ ಹಿಟ್ಟು ತಟ್ಟುತ್ತಿದ್ದ.

ತೀರ್ಥೇಶ್ ಠಾಣೆಯಲ್ಲಿ ನಡೆದದ್ದನ್ನು ಹೇಳಿದ.

"ಅಷ್ಟೇಯ? ಕೊಡಿ, ಎಲ್ಲಿ ಸೈನ್ ಹಾಕ್ಬೇಕು?"

"ಅದ್ರಲ್ಲಿ ನೀನು ಕದ್ದೆ ಅಂತ ಇದೆ ದುರ್ಗೇಶ."

"ಹೌದು. ನಂಗೆ ಓದಿ ಹೇಳಿಯೇ ಸೈನ್ ಹಾಕಿಸ್ಕಂಡಿದ್ದು."

"ನಾನು ಬೇರೆ ಬರ್ದಿದೀನಿ. ಇದ್ದದ್ದು ಇದ್ದ ಹಾಗೆ. ಕೋವಿ ನಂಗೆ ಬೇಡ, ಸರ್ಕಾರಕ್ಕೇ ಬಿಟ್ಟುಕೊಡ್ತೀನಿ. ಈ ಕಾಗದ ಮಾತ್ರ ಆ ಫೈಲಿಗೆ ಸೇರ್ಬೇಕು."

ದುರ್ಗೇಶ ಕೈ ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡ. ಬೆಳಕಿಗೆ ಹಿಡಿದು ಕೊನೆಯವರೆಗೂ ಓದಿ, ಮೊದಲಿನ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟ.

"ಎಂತಕ್ಕೆ ಇದೆಲ್ಲ? ನಿಮ್ಮಪ್ಪನೂ ಇಲ್ಲ, ನನ್ನಪ್ಪನೂ ಇಲ್ಲ. ಊರೋರಿಗೆ ಮರ್ತೇ ಹೋಗಿದೆ."

"ನಿಮ್ಮವ್ವಂಗೆ ಮರ್ತಿಲ್ಲ."

"ಅವಳ ಸುದ್ದಿ ಎತ್ತಬ್ಯಾಡಿ." ದುರ್ಗೇಶನ ದನಿ ತಗ್ಗಿತು. "ಪೊಲೀಸ್ರಿಗೆ ಬೇಕಾದ್ರೆ ಕೊಡಿ. ಅವಳಿಗೆ ಹೇಳಬ್ಯಾಡಿ. ನಿಮ್ ಕಾಲು ಹಿಡ್ಕತೀನಿ."

ತೀರ್ಥೇಶನಿಗೆ ಅದು ಸುಬ್ಬರಾಯಗೌಡರ ಮೇಲಿನ ಹೆದರಿಕೆಯಂತೆ, ಆಳಿನ ಮನೆಯವರ ಹಳೆಯ ಸಂಕೋಚದಂತೆ ಕೇಳಿಸಿತು. ಇನ್ನು ನಿಂತರೆ ತನ್ನ ಧೈರ್ಯವೂ ಹೋಗುತ್ತದೆಂದು ಅವನು ನೇರವಾಗಿ ಚಪ್ಪರದಡಿಗೆ ನಡೆದ. ಹಿಂದೆ ದುರ್ಗೇಶ ಯಂತ್ರ ನಿಲ್ಲಿಸಿ ಬಂದದ್ದು, ಬೆಲ್ಟು ಪಟಪಟನೆ ಹೊಡೆದುಕೊಂಡು ಸುಮ್ಮನಾದದ್ದು ಕೇಳಿಸಿತು.

"ಕನ್ನಮ್ಮ, ಅವತ್ತು ಕೋವಿ ತೆಗ್ದದ್ದು ದುರ್ಗೇಶ ಅಲ್ಲ. ನಾನು. ಹೊಳೆಗೆ ಕರ್ಕೊಂಡು ಹೋದದ್ದೂ ನಾನೆ, ಕುದುರೆ ಎತ್ತಿಟ್ಟು ಅವನ ಕೈಗೆ ಕೊಟ್ಟದ್ದೂ ನಾನೆ. ಅವ್ನು ಏನೂ ಕದ್ದಿಲ್ಲ. ನಮ್ಮಪ್ಪ ಸುಳ್ಳು ಬರ್ಸಿದ್ರು."

ಕನ್ನಮ್ಮ ಮೊರವನ್ನು ಇನ್ನೂ ಎರಡು ಸಲ ಕೇರಿದಳು. ಆಮೇಲೆ ನೆಲಕ್ಕಿಟ್ಟು, ಕಣ್ಣು ಕಿರಿದು ಮಾಡಿ ಮಗನನ್ನು ಹುಡುಕಿದಳು.

"ಹೌದನಾ?"

ದುರ್ಗೇಶ ತೀರ್ಥೇಶನ ಕಡೆ ತಿರುಗಿದ.

"ನಿಂಗೆ ಹಗುರಾತಾ ಈಗ?" ಎಂದ. ನಲವತ್ತು ವರ್ಷಗಳ ಮೇಲೆ ಅವನ ಬಾಯಿಂದ 'ನೀನು' ಬಂದಿತ್ತು. "ನಿಮ್ಮಪ್ಪ ಹೆದ್ರಿಸಿದ್ದು ಹೌದು. ಆಸ್ಪತ್ರೆಗೆ ಬಂದು, ನಿಜ ಹೇಳಿದ್ರೆ ತೀರ್ಥೇಶನ್ನ ಹುಡುಗರ ಜೈಲಿಗೆ ಹಾಕ್ತಾರೆ ಅಂದ್ರು. ನನ್ನಪ್ಪನ ಬಾಯೂ ಮುಚ್ಚಿಸಿದ್ರು. ನಾನು ಸೈನ್ ಹಾಕ್ದೆ. ಆದ್ರೆ ಇಷ್ಟು ವರ್ಷ ಬಾಯಿ ಮುಚ್ಕಂಡಿದ್ದು ಅದ್ಕೆ ಅಂದ್ಕಂಡ್ಯಾ? ಅವಳನ್ನ ಕೇಳು. ಅವಳು ಹೇಳ್ತಾಳೆ, ಕೇಳು."

ಕನ್ನಮ್ಮ ಏಳಲು ನೋಡಿದಳು, ಆಗಲಿಲ್ಲ. ಅಂಗೈಗಳನ್ನು ನೆಲಕ್ಕೆ ಊರಿ ಹಾಗೇ ಕೂತಳು.

"ನಾನು ಹೋಗ್ಲಿಲ್ಲ," ಎಂದಳು. ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯುವಂತಿರಲಿಲ್ಲ. "ಶಿವಮೊಗ್ಗದ ಆಸ್ಪತ್ರೇಲಿ ಒಂಬತ್ತು ದಿನ ಇಟ್ಕಂಡಿದ್ರು. ಇವರಪ್ಪ ದಿನ ಬಿಟ್ಟು ದಿನ ಹೋಗಿ ಬರೋರು. ಬಾರೆ, ಹುಡ್ಗ ನಿನ್ನೇ ಕೇಳ್ತದೆ ಅಂತ ಕರೆಯೋರು. ಕದ್ದ ಮಗನ ಮುಖ ನಾನು ನೋಡಲ್ಲ ಅಂದೆ. ಒಂದು ದಿನಾನೂ ಹೋಗ್ಲಿಲ್ಲ. ಮನೆಗೆ ಕರ್ಕಂಡು ಬಂದ್ಮೇಲೂ ಮಾತಾಡ್ಸಿರ್ಲಿಲ್ಲ, ಎಷ್ಟೋ ದಿನ."

ತೀರ್ಥೇಶನಿಗೆ ಇದು ಗೊತ್ತಿರಲಿಲ್ಲ. ಅವನು ಜೇಬಿನ ಕಾಗದದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಏನಾದರೂ ಹೇಳಬೇಕೆಂದು, "ನಂಗೆ..." ಎಂದ. ಇಬ್ಬರೂ ಅವನ ಕಡೆ ನೋಡಲಿಲ್ಲ.

"ಬಿಡವ್ವ. ಆಗಿದ್ದಾತು," ಎಂದ ದುರ್ಗೇಶ.

"ಬಾ ಇಲ್ಲಿ."

ಐವತ್ತು ದಾಟಿದ ಮಗ ಹೋಗಿ ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತ. ಅವಳು ಅವನ ಕೈ ಹಿಡಿಯುತ್ತಾಳೆ, ಅಳುತ್ತಾಳೆ ಎಂದು ತೀರ್ಥೇಶ್ ತಿಳಿದಿದ್ದ. ಅವಳು ಹಾಗೇನೂ ಮಾಡಲಿಲ್ಲ. ಚೆಲ್ಲಿದ್ದ ನಾಲ್ಕು ಉದ್ದಿನ ಕಾಳುಗಳನ್ನು ಆರಿಸಿ ಮೊರಕ್ಕೆ ಹಾಕಿದಳು.

"ಅಲ್ಲಿ ತಿನ್ನಕ್ಕೆ ಎಂತ ಕೊಡ್ತಿದ್ರು?" ಎಂದು ಕೇಳಿದಳು.

"ಬೆಳಿಗ್ಗೆ ಬ್ರೆಡ್ಡು, ಹಾಲು. ಮಧ್ಯಾಹ್ನ ಅನ್ನ, ಸಾರು."

"ಕೈಗೆ ಕಟ್ಟು ಹಾಕಿತ್ತಲ್ಲ. ಹೆಂಗೆ ಉಣ್ತಿದ್ದೆ?"

"ಬಲಗೈ ಇತ್ತಲ್ಲ."

"ತಟ್ಟೆ ಜಾರಲ್ವಾ?"

"ತೊಡೆ ಮೇಲೆ ಇಟ್ಕಂತಿದ್ದೆ."

"ಹೊದೆಯಕ್ಕೆ ಕೊಟ್ಟಿದ್ರಾ?"

"ಒಂದು ಕಂಬಳಿ ಕೊಟ್ಟಿದ್ರು. ಚುಚ್ತಿತ್ತು."

ಕಟ್ಟೆಯ ಮೇಲೆ ಕೂತಿದ್ದ ವಿಶಾಲಮ್ಮ ಎದ್ದು ಬಾಗಿಲಿಗೆ ಬಂದು ಇಣುಕಿದಳು. ಅರ್ಧ ಬೀಸಿದ ಅಕ್ಕಿಯ ಮಾತೆತ್ತದೆ ಹಿಂದಕ್ಕೆ ಹೋಗಿ ಕೂತಳು.

"ನೋವು ಬಂದ್ರೆ ಯಾರನ್ನ ಕರೀತಿದ್ದೆ?"

ದುರ್ಗೇಶ ತಲೆ ತಗ್ಗಿಸಿದ. ಹುಬ್ಬಿನ ಹಿಟ್ಟು ಅವನ ಮೊಣಕಾಲ ಮೇಲೆ ಉದುರಿತು. "ಪಕ್ಕದ ಮಂಚದಲ್ಲಿ ಒಬ್ಬ ಹುಡ್ಗ ಇದ್ದ. ಅವನವ್ವ ಅಲ್ಲೇ ಕೆಳಗೆ ಮಲಗ್ತಿದ್ಲು. ನಾನು ಮಿಸುಕಾಡಿದ್ರೆ ಎದ್ದು ಬರ್ತಿದ್ಲು."

"ಎಲ್ಲಿಯೋಳು?"

"ಭದ್ರಾವತಿ ಕಡೆಯೋಳು."

"ಹೆಸ್ರು?"

"ಹುಲಿಯಮ್ಮ."

"ಹುಲಿಯಮ್ಮ," ಎಂದಳು ಕನ್ನಮ್ಮ. ಮರೆತುಹೋಗಬಾರದೆಂಬಂತೆ ಇನ್ನೊಂದು ಸಲ, ನಿಧಾನವಾಗಿ, "ಹುಲಿಯಮ್ಮ."

ತೀರ್ಥೇಶನನ್ನು ಯಾರೂ ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ಚಪ್ಪರದ ಹೊರಗೆ ಬಿಸಿಲಿನಲ್ಲಿ ನಿಂತೇ ಇದ್ದ.

"ಬಾಯಾರಿದ್ರೆ ನೀರು ಕೊಡ್ತಿದ್ಲಾ?" ಕನ್ನಮ್ಮ ಕೇಳಿದಳು.

"ಕೊಡ್ತಿದ್ಲು ಅವ್ವ."