ತರ್ಸಿನಿಯ ಗಾಜಿನ ಪಾಠ

ಶಾಲೆಗಳು ಮುಚ್ಚಿ ಎರಡನೆಯ ವರ್ಷ ನಡೆಯುತ್ತಿತ್ತು. ನಮ್ಮ ಚಿರೆಬೊನ್ ಕಡೆಯ ಮಕ್ಕಳಿಗೆ ಪಾಠವೆಂದರೆ ಅಮ್ಮನ ಫೋನಿನೊಳಗೆ ಬರುವಂಥದ್ದು ಎಂದೇ ಆಗಿಹೋಗಿತ್ತು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಕ್ಕಳು ಬೀದಿಗೆಲ್ಲ ಬಿ, ಅಂದರೆ ಚಿಕ್ಕಮ್ಮ, ಆಗಿದ್ದ ಇತಿಯ ಅಂಗಡಿ ಜಗಲಿಯಲ್ಲಿ ದೂರ ದೂರ ಕೂತಿರುತ್ತಿದ್ದವು. ಬಿ ಇತಿ ತನ್ನ ವೈಫೈ ಪಾಸ್‌ವರ್ಡನ್ನು ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ಮಕ್ಕಳ ಕಣ್ಣಿನ ಎತ್ತರಕ್ಕೇ ತೂಗುಹಾಕಿದ್ದಳು. ಏನಾದರೂ ಕೊಂಡರೆ ಮಾತ್ರ ಕೂರಿ ಎಂದು ಆಕೆ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಒಂದು ಬೆಳಿಗ್ಗೆ ಯುಯುನ್ ನಮ್ಮ ಬೇಲಿಯ ಆಚೆ ಬಂದು ನಿಂತಳು. ನಾನು ಇತಿಹಾಸ ಹೇಳಿಕೊಡುತ್ತಿದ್ದ ಶಾಲೆಯಲ್ಲಿ ಅವಳೀಗ ಚಿತ್ರಕಲೆಯ ಟೀಚರು. ಚಿಕ್ಕವಳಿದ್ದಾಗ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ.

"ಬು, ನಿಮ್ಮ ಕಣ್ಣು ಚೆನ್ನಾಗಿದೆ ತಾನೆ?" ಎಂದು ಕೇಳಿದಳು. ನಮ್ಮಲ್ಲಿ ಅಮ್ಮನ ವಯಸ್ಸಿನವರನ್ನೆಲ್ಲ ಬು ಎಂದೇ ಕರೆಯುವುದು.

"ಎಡಗಣ್ಣು ಚೆನ್ನಾಗಿದೆ. ಬಲಗಣ್ಣು ಅದರ ಜೊತೇಲಿದೆ ಅಷ್ಟೆ. ಯಾಕೆ?"

"ಗಾಜಿನ ಚಿತ್ರದ ಪಾಠ ಹುಡುಕಿಕೊಡಿ ಬು. ಫೋನಲ್ಲಿ ಕಳಿಸೋ ಅಂಥದ್ದು. ನಂಗೆ ದಿನವಿಡೀ ಮಕ್ಕಳ ಮೆಸೇಜಿಗೆ ಉತ್ತರ ಕೊಡೋದೇ ಆಗತ್ತೆ. ಹುಡುಕೋಕೆ ಕೂತ್ರೆ ನಿದ್ದೆ ಬರತ್ತೆ."

"ನಿನ್ನ ಮೇಷ್ಟ್ರು ಮಾಂಗ್ ಕಾರ್ತಮ ಇಲ್ವೇನೆ?"

ನಾನು ಹಾಗೆ ಕೇಳಬಾರದಿತ್ತು. ಎಲ್ಲರೂ ಮಾಂಗ್, ಅಂದರೆ ಚಿಕ್ಕಪ್ಪ, ಎನ್ನುವ ಕಾರ್ತಮ ನಮ್ಮ ಬೀದಿಯ ಗಾಜಿನ ಚಿತ್ರಗಾರ. ಪ್ರತಿ ವರ್ಷ ಶಾಲೆಗೆ ಬಂದು ಮಕ್ಕಳಿಗೆ ಕಲಿಸುತ್ತಿದ್ದವನು ಮಗಳು ತರ್ಸಿನಿ ತೀರಿಕೊಂಡ ಮೇಲೆ ಮನೆಯಿಂದ ಹೊರಗೆ ಬಂದಿರಲಿಲ್ಲ. ದೂರದ ತಾಂಗೆರಾಂಗಿನ ಬೂಟು ಕಾರ್ಖಾನೆ ಸೇರಿ ಅಲ್ಲೇ ಮದುವೆಯೂ ಆಗಿದ್ದ ಹುಡುಗಿಯನ್ನು ಶಾಲೆಗಳನ್ನು ಮುಚ್ಚಿಸಿದ ಆ ಜ್ವರವೇ ತೆಗೆದುಕೊಂಡು ಹೋಯಿತು. ದಾರಿಗಳನ್ನೆಲ್ಲ ಮುಚ್ಚಿದ್ದರಿಂದ ಅವಳನ್ನು ಅಲ್ಲೇ ಮಣ್ಣು ಮಾಡಿದರು. ಅಪ್ಪನಿಗೆ ಮುಖ ನೋಡಲು ಸಿಗಲಿಲ್ಲ.

ಯುಯುನ್ ತನ್ನ ಫೋನಿನಲ್ಲಿ ಮಕ್ಕಳು ಕಳಿಸಿದ ಚಿತ್ರಗಳನ್ನು ತೋರಿಸಿದಳು. ಯಾವುದೋ ಹೆಸರುವಾಸಿ ವಿಡಿಯೋ ನೋಡಿಕೊಂಡು ಮಕ್ಕಳು ಕಾಗದದ ಮೇಲೆ ಬರೆಯುವ ಹಾಗೆಯೇ ಗಾಜಿನ ಮೇಲೆ ಬರೆದಿದ್ದವು: ಮೊದಲು ಇಡೀ ಗಾಜಿಗೆ ನೀಲಿ, ಅದರ ಮೇಲೆ ಮೈ, ಕೊನೆಗೆ ಕಣ್ಣು. ನಮ್ಮ ಗಾಜಿನ ಚಿತ್ರ ಹಾಗಲ್ಲ. ಗಾಜಿನ ಬೆನ್ನಿಗೆ ಬರೆದು ಎದುರಿನಿಂದ ನೋಡುವಂಥದ್ದು. ಕಣ್ಣು ಮೊದಲು, ಬಟ್ಟೆಯ ಹೂವು ಮೊದಲು, ಹಿನ್ನೆಲೆಯ ಬಣ್ಣ ಎಲ್ಲಕ್ಕಿಂತ ಕೊನೆಗೆ. ಒಂದು ಮಗು ಬರೆದು ಮುಗಿಸಿ, ರೂಢಿಯಂತೆ ಗಾಜನ್ನು ತಿರುಗಿಸಿ ನೋಡಿ, ಬರಿಯ ನೀಲಿ ಕಂಡು, "ಬು ಗುರು, ನನ್ನ ಚಿತ್ರ ಓಡಿಹೋಗಿದೆ" ಎಂದು ಬರೆದು ಕಳಿಸಿತ್ತು.

"ಅದಕ್ಕೆ ನೀನೇನಂದೆ?"

"ನೀಲಿ ಚೆನ್ನಾಗಿ ಬಳಿದಿದ್ದೀಯ ಅಂದೆ. ಮತ್ತೇನನ್ನಲಿ?"

ಅವಳು ಹೋದ ಮೇಲೆ ಕನ್ನಡಕ ಒರೆಸಿಕೊಂಡು ಹುಡುಕಲು ಕೂತೆ. ಇಂಥದ್ದು ಹುಡುಕಲು ಎಷ್ಟು ಹೊತ್ತು ಎಂದುಕೊಂಡಿದ್ದವಳು ವಾರಗಟ್ಟಲೆ ಹುಡುಕಿದೆ. ಚಿತ್ರಕಲೆಯ ಪಾಠಗಳಿಗೆ ಬರವಿರಲಿಲ್ಲ. ಒಂದರಲ್ಲಿ ಕಿವಿ ಕಿತ್ತುಹೋಗುವ ಸಂಗೀತ, ಕೈ ಮಾತ್ರ ಮಿಂಚಿನಂತೆ ಓಡುತ್ತದೆ. ಅರೆ ಅನ್ನುವುದರಲ್ಲಿ ನವಿಲು ಸಿದ್ಧ. ಇನ್ನೊಂದರಲ್ಲಿ ಚಿತ್ರಕ್ಕಿಂತ ಹೆಚ್ಚಾಗಿ ಬಣ್ಣದ ಡಬ್ಬಿಯನ್ನೇ ತೋರಿಸುತ್ತಾರೆ, ಇದನ್ನೇ ಕೊಳ್ಳಿ ಎನ್ನುತ್ತಾರೆ. ದೊಡ್ಡ ದೊಡ್ಡ ಸಂಗ್ರಹಾಲಯಗಳ ಪುಟಗಳೂ ಸಿಕ್ಕವು. ನೋಡಲು ಚೆಂದ, ಓದಲು ನನಗೇ ಕಷ್ಟ. ನಾನು ನನಗೇ ಒಂದು ಪರೀಕ್ಷೆ ಇಟ್ಟುಕೊಂಡೆ: ಬಿ ಇತಿಯ ಜಗಲಿಯಲ್ಲಿ ಕೂತ ಮಗು ಇದನ್ನು ನೋಡಿ, ಮನೆಗೆ ಹೋಗಿ, ಯಾರನ್ನೂ ಕೇಳದೆ ಮಾಡಬಲ್ಲದೇ? ಒಂದೂ ಪಾಸಾಗಲಿಲ್ಲ.

ಕೊನೆಗೆ ಸಿಕ್ಕಿದ್ದು ಯಾರೂ ಅಷ್ಟಾಗಿ ನೋಡದ ಒಂದು ಮೂಲೆಯಲ್ಲಿ. "ಶಾಲೆಯ ಮಕ್ಕಳಿಗೆ ಗಾಜಿನ ಚಿತ್ರ" ಎಂದಷ್ಟೇ ಹೆಸರು. ತೆರೆದರೆ ಮೊದಲು ಅರ್ಥವೇ ಆಗಲಿಲ್ಲ. ಒಂದು ಖಾಲಿ ಗಾಜು, ಗಾಜಿನ ಮೇಲೆ ಒಬ್ಬ ಹೆಂಗಸಿನ ಬಾಗಿದ ಮುಖ. ಆಮೇಲೆ ಹೊಳೆಯಿತು. ಫೋನನ್ನು ಗಾಜಿನ ಕೆಳಗೆ ಅಂಗಾತ ಇಟ್ಟಿದ್ದಾಳೆ. ಅವಳು ಮೇಲಿನಿಂದ ಬೆನ್ನಿಗೆ ಬರೆಯುತ್ತಾಳೆ, ನಮಗೆ ಕೆಳಗಿನಿಂದ ಎದುರು ಕಾಣುತ್ತದೆ. ಕುಂಚ ಬಂದು ಗಾಜಿಗೆ ತಾಕುತ್ತದೆ, ಒಂದು ಕಣ್ಣು ಹುಟ್ಟುತ್ತದೆ. ಯಾವುದು ಮೊದಲು, ಯಾವುದು ಅದರ ಹಿಂದೆ ಎಂದು ಯಾರೂ ಹೇಳಬೇಕಾಗಿಯೇ ಇಲ್ಲ. ಇಷ್ಟು ಸರಳವಾದ ಉಪಾಯ ಬೇರೆ ಯಾರಿಗೂ ಹೊಳೆದಿರಲಿಲ್ಲ.

"ನಿಧಾನ," ಎನ್ನುತ್ತಿತ್ತು ಆ ದನಿ. "ಗೆರೆ ಎಳೆಯೋವಾಗ ಉಸಿರು ಬಿಗಿ ಹಿಡೀಬೇಡಿ ಮಕ್ಕಳೇ. ಉಸಿರಾಡ್ತಾ ಎಳೀರಿ. ತಪ್ಪಾದ್ರೆ ಬಟ್ಟೇಲಿ ಒರೆಸಿ, ಗಾಜು ಬೇಜಾರು ಮಾಡ್ಕೊಳಲ್ಲ."

ಆಮೇಲೆ ಅವಳು ಕುಂಚವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಲೆಯ ಮುಸುಕು ಸರಿಪಡಿಸಿಕೊಂಡಳು. ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಶಾಲೆಯಲ್ಲಿ ಪೆನ್ಸಿಲನ್ನು ಹಾಗೆ ಕಚ್ಚಬೇಡ ಎಂದು ಎಷ್ಟು ಸಲ ಹೇಳಿದ್ದೆನೋ. ಅದು ತರ್ಸಿನಿ.

ಅಪ್ಪ ಮಗಳ ನಡುವಿನ ಮಾತು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಕಾರ್ತಮನ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ: ಕಲಿಯುವವರು ಎಷ್ಟೇ ಚೆನ್ನಾಗಿ ಬರೆಯಲಿ, ಚಿತ್ರದ ಮೂಲೆಯಲ್ಲಿ ಗುರುವಿನ ಹೆಸರನ್ನೇ ಬರೆಯಬೇಕು. ಇನ್ನು ನಿನ್ನ ಹೆಸರು ಬರಿ ಎಂದು ಗುರು ಹೇಳುವವರೆಗೆ ಅಷ್ಟೆ. ತರ್ಸಿನಿ ಚಿಕ್ಕಂದಿನಿಂದ ಅಪ್ಪನ ಗೆರೆಗಳ ಹಿಂದೆ ಹಿನ್ನೆಲೆಯ ಬಣ್ಣ ಬಳಿದುಕೊಂಡು ಬೆಳೆದವಳು. ಅದು ಶಿಷ್ಯರ ಕೆಲಸ. ದೊಡ್ಡವಳಾಗಿ ಇಡೀ ಚಿತ್ರ ಬರೆಯತೊಡಗಿದಾಗ, ಇನ್ನು ನನ್ನ ಹೆಸರು ಬರೆಯಲೇ ಎಂದು ಒಮ್ಮೆ ಕೇಳಿದಳಂತೆ. ಕೈ ಇನ್ನೂ ಬಲಿಯಲಿ ಎಂದನಂತೆ ಅಪ್ಪ. ಆ ವರ್ಷವೇ ಅವಳು ಕಾರ್ಖಾನೆಗೆ ಹೊರಟಳು. ಪ್ರತಿ ವರ್ಷ ಉಪವಾಸದ ತಿಂಗಳು ಮುಗಿದ ಲೆಬಾರನ್ ಹಬ್ಬಕ್ಕೆ ಬರುತ್ತಿದ್ದಳು, ಹಬ್ಬದ ರೂಢಿಯಂತೆ ಅಪ್ಪನ ಕೈ ಹಿಡಿದು ಕ್ಷಮೆ ಕೇಳುತ್ತಿದ್ದಳು, ಉಂಡು ಹೋಗುತ್ತಿದ್ದಳು. ಕುಂಚ ಮುಟ್ಟುತ್ತಿರಲಿಲ್ಲ. ಬಿಟ್ಟೇಬಿಟ್ಟಳು ಎಂದು ಕಾರ್ತಮ ತಿಳಿದಿದ್ದ.

ಯುಯುನ್‌ಗೆ ತೋರಿಸಿದೆ. ಇಬ್ಬರೂ ಕೂತು ಎಲ್ಲ ಪಾಠಗಳನ್ನೂ ನೋಡಿದೆವು. ತೊಗಲುಗೊಂಬೆಯಾಟದ ಬೊಜ್ಜುಹೊಟ್ಟೆಯ ಮುದುಕ ಸೆಮರ್‌ನನ್ನು ಅವಳು ಬರೆಯುತ್ತಿದ್ದಳು. ಗೆರೆ ಆಯಿತು, ಬಟ್ಟೆಯ ಹೂವಾಯಿತು, ಮೈಬಣ್ಣವಾಯಿತು. ಒಂದೊಂದು ಬಣ್ಣ ಬಿದ್ದಂತೆ ಗಾಜಿನಾಚೆಯ ಅವಳ ಮುಖ ಅಷ್ಟಷ್ಟು ಮರೆಯಾಗುತ್ತಿತ್ತು. ಆದರೂ ಸೆಮರ್‌ನ ಸುತ್ತ ಖಾಲಿ ಉಳಿದಲ್ಲಿ ಅವಳ ಹಣೆ, ಒಂದು ಕೆನ್ನೆ ಕಾಣುತ್ತಲೇ ಇತ್ತು. ಪಾಠ ಅಲ್ಲಿಗೇ ನಿಂತುಹೋಗಿತ್ತು.

"ಇದನ್ನ ಮಕ್ಕಳಿಗೆ ಕಳಿಸ್ಬಹುದಾ ಬು?" ಯುಯುನ್ ಕಣ್ಣೊರೆಸಿಕೊಂಡು ಕೇಳಿದಳು. "ಕೊನೇದೇ ಇಲ್ವಲ್ಲ. ಹಿಂದಿನ ಬಣ್ಣ ಇಲ್ದೆ ಅದು ಚಿತ್ರಾನೇ ಆಗಲ್ಲ."

"ಕೊನೇದನ್ನ ಮಾಡಬಲ್ಲೋರು ಒಬ್ರೇ ಇದಾರೆ. ಅವರನ್ನ ಕೇಳ್ದೆ ಕಳಿಸೋದೂ ಸರಿಯಲ್ಲ."

ತೇಗದ ಎಲೆಯಲ್ಲಿ ಕಟ್ಟಿದ ಅನ್ನ ತೆಗೆದುಕೊಂಡು ಮಾಂಗ್ ಕಾರ್ತಮನ ಮನೆಗೆ ಹೋದೆವು. ಬಾಗಿಲ ಚಿಲಕಕ್ಕೆ ಆಗಲೇ ಯಾರೋ ಒಂದು ಪೊಟ್ಟಣ ತೂಗುಹಾಕಿ ಹೋಗಿದ್ದರು. ಬೀದಿಯವರು ದಿನಕ್ಕೊಬ್ಬರು ಹಾಗೆ ಮಾಡುತ್ತಿದ್ದರು. ಯಾರೆಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ.

"ಬು ಗುರು, ಎರಡೆರಡು ಊಟ ತಂದ್ರೆ ನಾನೂ ಸೆಮರ್ ಆಗಿಬಿಡ್ತೀನಿ," ಎಂದ ಕಾರ್ತಮ. ಅವನ ಅಂಗಿ ಮೈಮೇಲೆ ಜೋತಾಡುತ್ತಿತ್ತು.

"ಆಗಿ. ಈಗಿರೋದು ಗೂಟಕ್ಕೆ ಅಂಗಿ ಹಾಕ್ದಂಗಿದೆ," ಎಂದೆ. ಆಮೇಲೆ ಸುತ್ತಿ ಬಳಸದೆ ಹೇಳಿದೆ. "ಕೂತ್ಕೊಳ್ಳಿ ಮಾಂಗ್. ಫೋನಲ್ಲಿ ಮಕ್ಕಳಿಗೆ ಪಾಠ ಹುಡುಕ್ತಿದ್ದೆ. ತರ್ಸಿನಿ ಸಿಕ್ಕಿದಳು."

ಅವನು ನನ್ನನ್ನೇ ನೋಡಿದ. ಯುಯುನ್ ಫೋನನ್ನು ಅವನ ಕೈಗಿಟ್ಟಳು.

ಮೊದಲ ಪಾಠ ಮುಗಿಯುವವರೆಗೆ ಅವನು ಕಣ್ಣು ಮಿಟುಕಿಸಿದಂತೆಯೂ ಕಾಣಲಿಲ್ಲ. ಎರಡನೆಯದರಲ್ಲಿ ಮಗಳು ಸೆಮರ್‌ನ ಹೊಟ್ಟೆಯ ಗೆರೆಯನ್ನು ಒಂದೇ ಎಳೆತದಲ್ಲಿ ಸುತ್ತಿ ತಂದಾಗ, "ನೋಡಿ," ಎಂದ, ನಮ್ಮ ಕಡೆ ತಿರುಗದೆ. "ನಡುಗಲಿಲ್ಲ. ನಂಗೇ ಅಲ್ಲಿ ಒಂದ್ಸಲ ನಿಲ್ಲಿಸ್ಬೇಕಾಗತ್ತೆ." ಸ್ವಲ್ಪ ಹೊತ್ತಾದ ಮೇಲೆ, "ಸೊರಗಿದಾಳೆ. ಅಲ್ವಾ?" ಎಂದ.

"ಲೈಟಿಗೆ ಹಂಗೆ ಕಾಣತ್ತೆ ಮಾಂಗ್," ಎಂದಳು ಯುಯುನ್. ಒಳ್ಳೆಯ ಹುಡುಗಿ.

ಕೊನೆಯ ಪಾಠದ ಕೊನೆಗೆ ತರ್ಸಿನಿ ಗಾಜಿನ ಮೂಲೆಯನ್ನು ಬೆರಳಿನಿಂದ ತಟ್ಟಿದಳು. "ಇಲ್ಲಿ ಹೆಸರು ಬರ್ದು, ಆಮೇಲೆ ಹಿಂದಿನ ಬಣ್ಣ ಬಳೀಬೇಕು. ಬಣ್ಣ ಬಿದ್ಮೇಲೆ ಹೆಸರಿಗೆ ಜಾಗ ಇರಲ್ಲ. ನಮ್ಮನೇಲಿ ಗುರು ಹೇಳೋವರೆಗೂ ಸ್ವಂತ ಹೆಸರು ಬರಿಯೋಹಾಗಿಲ್ಲ ಮಕ್ಕಳೇ. ನಮ್ಮ ಗುರು ಸ್ವಲ್ಪ ಬಿಗಿ. ಈ ಲೆಬಾರನ್‌ಗೆ ಊರಿಗೆ ಹೋದಾಗ ಇನ್ನೊಂದ್ಸಲ ಕೇಳ್ತೀನಿ. ಅಲ್ಲೀವರೆಗೂ ಈ ಮೂಲೆ ಖಾಲಿ ಇರ್ಲಿ." ನಕ್ಕಳು. ಕೈ ಚಾಚಿದಳು, ಪರದೆ ಕಪ್ಪಾಯಿತು.

ಆ ಲೆಬಾರನ್‌ಗೆ ಯಾರೂ ಯಾರ ಊರಿಗೂ ಹೋಗುವಂತಿರಲಿಲ್ಲ.

ಕಾರ್ತಮ ಫೋನನ್ನು ಮಂಡಿಯ ಮೇಲೆ ಬೋರಲು ಹಾಕಿದ. ಆಮೇಲೆ ಎದ್ದು ಕಪಾಟಿನ ಮೇಲಿಂದ ಹಳೆಯ ಸೀರೆಯಂಥ ಬಾತಿಕ್ ಬಟ್ಟೆಯಲ್ಲಿ ಸುತ್ತಿದ ಒಂದು ಚಪ್ಪಟೆ ಗಂಟು ಇಳಿಸಿದ. "ಅಳಿಯ ಅವಳ ಸಾಮಾನಿನ ಜೊತೆ ತಂದುಕೊಟ್ಟ. ಮದುವೆ ಫೋಟೋ ಅಂದ್ಕೊಂಡು ನಾನು ಬಿಚ್ಚಲಿಲ್ಲ," ಎಂದ.

ಒಳಗೆ ಸೆಮರ್ ಇದ್ದ. ಸುತ್ತಲೂ ಖಾಲಿ ಗಾಜು. ಮೂಲೆಯೂ ಖಾಲಿ.

ಯುಯುನ್ ಮೆಲ್ಲಗೆ ಕೇಳಿದಳು. "ಮಾಂಗ್, ನೀವು ಇದನ್ನ ಮುಗಿಸಿಕೊಡ್ತೀರಾ? ಮಕ್ಕಳು ಕಾಯ್ತಿದಾವೆ."

"ಇಲ್ಲಮ್ಮ." ಅವನು ಫೋನನ್ನು ತಿರುಗಿಸಿ, ಪಾಠವನ್ನು ಮತ್ತೆ ಓಡಿಸಿ, ಖಾಲಿ ಗಾಜಿನಲ್ಲಿ ಕೆನ್ನೆ ಕಾಣುವ ಕಡೆ ಬೆರಳಿಟ್ಟ. "ಇಲ್ಲಿ ಬಣ್ಣ ಬಳಿದ್ರೆ ಅವಳು ಮುಚ್ಚಿಹೋಗ್ತಾಳೆ. ಮಣ್ಣು ಹಾಕೋಕಂತೂ ನಾನು ಇರಲಿಲ್ಲ. ಇದನ್ನೂ ನನ್ನ ಕೈಲೇ ಮಾಡಿಸ್ತೀರಾ?"

ನಾವು ಎದ್ದು ಬಂದೆವು. ಯುಯುನ್ ತನ್ನ ಫೋನನ್ನು ಮಾತ್ರ ಅವನ ಹತ್ತಿರವೇ ಬಿಟ್ಟು ಬಂದಳು. ಮನೆಗೆ ಹೋಗಿ ತನ್ನ ತಂಗಿಯ ಫೋನಿನಿಂದ ಮಕ್ಕಳಿಗೆ ಉತ್ತರ ಬರೆದಳು.

ನಾಲ್ಕೈದು ದಿನ ಕಳೆದ ಮೇಲೆ ಕಾರ್ತಮ ತಾನೇ ನಮ್ಮ ಬೇಲಿಯ ಹತ್ತಿರ ಬಂದ. ಅವನು ಬೀದಿಗೆ ಇಳಿದದ್ದು ಕಂಡು ಬಿ ಇತಿ ಅಂಗಡಿಯಿಂದ ಎದ್ದು ನಿಂತಳು, ಏನೂ ಕೇಳದೆ ಮತ್ತೆ ಕೂತಳು.

"ಆ ಪಾಠ ಮಕ್ಕಳಿಗೆ ಅಂತ ಬರ್ದಿದಾಳೆ ಅಲ್ವಾ," ಎಂದ. "ನಂಗೆ ಅಂತ ಅಲ್ಲ. ಬನ್ನಿ ಬು ಗುರು. ಯುಯುನ್‌ನ ಕರೀರಿ."

ಎರಡು ಸ್ಟೂಲುಗಳ ನಡುವೆ ಗಾಜನ್ನಿಟ್ಟೆವು. ಯುಯುನ್ ಕೆಳಗೆ ಫೋನನ್ನು ಅಂಗಾತ ಇಟ್ಟು, ನೆಲದ ಮೇಲೆ ಮಲಗಿ ಸರಿಯಾಗಿ ಕಾಣುತ್ತದೆಯೇ ಎಂದು ನೋಡಿದಳು. ಕಾರ್ತಮ ಗಾಜಿನ ಮೇಲೆ ಬಾಗಿದ. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು, ಖಾಲಿ ಬಿಟ್ಟ ಮೂಲೆಯಲ್ಲಿ ಒಂದೊಂದೇ ಅಕ್ಷರವನ್ನು ತಿರುಗುಮುರುಗಾಗಿ ಬರೆದ. ಕೆಳಗಿನಿಂದ ನೋಡಿದರೆ ನೇರ ಓದಬಹುದಿತ್ತು: ತರ್ಸಿನಿ.

"ಕೈ ಬಲಿತಿದೆ," ಎಂದ, ಪಾಠ ಹೇಳುವ ದನಿಯಲ್ಲೇ. ಅದನ್ನು ಮಕ್ಕಳಿಗೆ ಹೇಳಿದನೋ ಯಾರಿಗೆ ಹೇಳಿದನೋ.

ಆಮೇಲೆ ದೊಡ್ಡ ಕುಂಚ ತೆಗೆದುಕೊಂಡ. ಶಿಷ್ಯರ ಕೆಲಸ, ಅದಕ್ಕೆ ಕೈ ನಡುಗಿದರೂ ನಡೆಯುತ್ತದೆ. ನಮ್ಮ ಚಿತ್ರಗಳಲ್ಲಿ ಮೋಡಗಳಿಗೆ ಬಳಿಯುವ ಆ ಗಾಢ ನೀಲಿಯನ್ನು ಅಂಚಿನಿಂದ ಒಳಗೆ ಬಳಿಯುತ್ತ ಬಂದ. ಪರದೆಯಲ್ಲಿ ಅವನ ಹಣೆ ಹೋಯಿತು, ಕೆನ್ನೆ ಹೋಯಿತು. ಸೆಮರ್‌ನ ಮಂಡಿಯ ಹತ್ತಿರ ಸ್ವಲ್ಪ ಜಾಗದಲ್ಲಿ ಒದ್ದೆಯಾದ ಒಂದು ಕಣ್ಣು ಉಳಿದಿತ್ತು.

"ಮಾಂಗ್, ಇನ್ನು ನೀವು ಕಾಣಲ್ಲ," ಎಂದಳು ಯುಯುನ್.

"ಕಾಣಬಾರದು. ಚಿತ್ರ ಕಾಣ್ಬೇಕು," ಎಂದು ಅದನ್ನೂ ಬಳಿದ.

ಪಾಠಗಳನ್ನು ಮಕ್ಕಳಿಗೆ ಕಳಿಸಿದೆವು. ಬಿ ಇತಿಯ ಜಗಲಿಯಲ್ಲಿ ಒಂದೇ ಫೋನಿಗೆ ತಲೆಗಳು ಗುಂಪಾದವು. ಮಕ್ಕಳು ಬರೆದ ಗಾಜುಗಳನ್ನು ಯುಯುನ್ ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ತಂದಳು. ಡೊಂಕು ಸೆಮರ್, ಬಡಕಲು ಸೆಮರ್, ಒಂದಕ್ಕಂತೂ ಹೊಟ್ಟೆಯೇ ಗಾಜು ತುಂಬ. ಆದರೆ ಎಲ್ಲವೂ ಬೆನ್ನಿಗೆ ಬರೆದವು, ಎದುರಿನಿಂದ ನೋಡುವಂಥವು. ಅವುಗಳನ್ನು ಕಾರ್ತಮನ ಜಗಲಿಯ ಗೋಡೆಗೆ ಒರಗಿಸಿಟ್ಟೆವು. ಆಗ ಯುಯುನ್ ಹಣೆ ಚಚ್ಚಿಕೊಂಡಳು.

"ಅಯ್ಯೋ ಬು, ನೋಡಿ ಇಲ್ಲಿ. ಹೆಸರೂ ಪಾಠದಲ್ಲಿರೋ ಹಾಗೇ ಬರೆದಿದಾವೆ. ತಮ್ಮ ತಮ್ಮ ಹೆಸರು ಬರೀಬೇಕು ಅಂತ ಹೇಳೋದೇ ಮರೆತೆ."

ನಿಜ. ಪ್ರತಿ ಗಾಜಿನ ಮೂಲೆಯಲ್ಲಿ, ಬೇರೆ ಬೇರೆ ಪುಟ್ಟ ಕೈಗಳಲ್ಲಿ, ಒಂದೇ ಹೆಸರಿತ್ತು.

"ಕೆರೆದು ಸರಿಮಾಡೋಕೆ ಹೇಳ್ತೀನಿ ಮಾಂಗ್," ಎಂದಳು.

ಕಾರ್ತಮ ಒಂದೊಂದು ಗಾಜಿನ ಮುಂದೂ ಕುಕ್ಕರುಗಾಲಲ್ಲಿ ಕೂತು ಆ ಮೂಲೆಯನ್ನು ನೋಡುತ್ತ ಹೋದ.

"ಬೇಡ," ಎಂದ. "ಸರಿಯಾಗೇ ಬರ್ದಿದಾವೆ. ಇನ್ನೂ ಕಲೀತಿರೋ ಮಕ್ಕಳು. ಗುರುವಿನ ಹೆಸರೇ ಇರ್ಲಿ."