ತಡೆದುಕೊಂಡವರು

“ಮತ್ತೆ ಬಂತಾ? ಹೊಟ್ಟೇಲೇನು ನಲ್ಲಿ ಇಟ್ಕೊಂಡಿದೀಯಾ?”

ಮೇಸ್ತ್ರಿ ಕೇಳಿದ್ದು ಗಿಡ್ಡಿಯನ್ನು. ಕೇಳಿಸಿದ್ದು ಇಡೀ ಲಾಂಡ್ರಿಗೆ. ಉಗಿಯಂತ್ರದ ಸದ್ದನ್ನೂ ಮೀರಿಸುವ ಗಂಟಲು ಅವನದು. ಗಿಡ್ಡಿ ಕೈಚಾಚಿಕೊಂಡು ನಿಂತೇ ಇದ್ದಳು. ಅವಳಿಗೆ ಬೇಕಾದದ್ದು ಹೆಂಗಸರ ಕಕ್ಕಸಿನ ಬೀಗದಕೈ. ಅದು ಮೇಸ್ತ್ರಿಯ ಸೊಂಟದ ಗೊಂಚಲಿನಲ್ಲಿತ್ತು.

“ಒಂದಕ್ಕೋ ಎರಡಕ್ಕೋ?”

ಗಿಡ್ಡಿ ನೆಲ ನೋಡಿಕೊಂಡು, ಒಂದಕ್ಕೆ ಅಂದಳು.

“ಒಂದಕ್ಕಾದ್ರೆ ಊಟದ ಹೊತ್ತಿನ ತನಕ ಇಟ್ಕೋ. ಹಳಸಿ ಹೋಗೋ ಮಾಲಲ್ಲ.”

ಒಗೆಯುವ ಯಂತ್ರಗಳ ಕಡೆಯಿಂದ ಗಂಡಸರು ನಕ್ಕರು. ಇತ್ತ ಹೆಂಗಸರಲ್ಲೂ ಒಬ್ಬಿಬ್ಬರು ನಕ್ಕರು. ಉದ್ದಕ್ಕನಿಗೂ ನಗು ಬಂತು. ಮಾತು ತಮಾಷೆಯದಾಗಿತ್ತು, ಅನ್ನಿಸಿಕೊಂಡವಳು ತಾನಾಗಿರಲಿಲ್ಲ. ಗಿಡ್ಡಿ ವಾಪಸ್ಸು ಬಂದು ಹಾಸುಬಟ್ಟೆಯ ತನ್ನ ಕಡೆಯ ತುದಿ ಹಿಡಿದಳು. ಉದ್ದಕ್ಕ ಇನ್ನೊಂದು ತುದಿ ಹಿಡಿದಿದ್ದಳು.

ಇಬ್ಬರೂ ಜೋಡಿ. ಹೋಟೆಲುಗಳ, ಆಸ್ಪತ್ರೆಗಳ ಹಾಸುಬಟ್ಟೆಗಳು ಒಗೆದು ಹಿಂಡಿ ಬಂದು, ಬಿಸಿ ಉರುಳೆಗಳ ನಡುವೆ ತೂರಿ, ಸುಡುತ್ತಾ ಈಚೆ ಬೀಳುತ್ತಿದ್ದವು. ಅವನ್ನು ಎದುರುಬದುರು ನಿಂತು ಮಡಚುವುದು ಇವರ ಕೆಲಸ. ಒಬ್ಬಳು ಆ ಪಾಟಿ ಎತ್ತರ, ಇನ್ನೊಬ್ಬಳು ಈ ಪಾಟಿ ಗಿಡ್ಡ. ಅಂಚು ಸರಿ ಬರಬೇಕಾದರೆ ಉದ್ದಕ್ಕ ಬಗ್ಗಬೇಕು, ಗಿಡ್ಡಿ ತುದಿಗಾಲಲ್ಲಿ ನಿಲ್ಲಬೇಕು. ಜೋಡಿ ಬದಲಾಯಿಸಿಕೊಳ್ಳಿ ಅಂತ ಎಷ್ಟೋ ಜನ ಹೇಳಿದ್ದರು. ಇವರು ಬದಲಾಯಿಸಿಕೊಂಡಿರಲಿಲ್ಲ. ದಿನವಿಡೀ ಮುಖ ನೋಡಿಕೊಂಡು ನಿಲ್ಲಬೇಕಾದ ಕೆಲಸದಲ್ಲಿ ಸೊಂಟನೋವಿಗಿಂತ ಮುಖ ಮುಖ್ಯ ಎಂದು ಗಿಡ್ಡಿ ಹೇಳುತ್ತಿದ್ದಳು.

ಕಕ್ಕಸಿಗೆ ಮೊದಲು ಬೀಗವಿರಲಿಲ್ಲ. ಹೆಂಗಸರು ಒಳಗೆ ಹೋದರೆ ಸಂಸಾರ ಹೂಡಿಬಿಡ್ತಾರೆ ಅಂತ ಮೇಸ್ತ್ರಿ ಯಜಮಾನರಿಗೆ ಹೇಳಿ ಹಾಕಿಸಿದ್ದ. ಗಂಡಸರಿಗೆ ಬೀಗದ ಕಾಟವಿರಲಿಲ್ಲ, ಅವರಿಗೆ ಹಿಂಬದಿಯ ಗೋಡೆಯಿತ್ತು. ಅಂದಿನಿಂದ ಹೆಂಗಸರು ನೀರು ಕುಡಿಯುವುದನ್ನು ಬಿಟ್ಟರು. ಉರುಳೆಯ ಮುಂದೆ ನಿಂತರೆ ಮೈಯೆಲ್ಲ ಬೆವರಾಗಿ ಹರಿಯುತ್ತಿತ್ತು, ಆದರೂ ಕುಡಿಯುತ್ತಿರಲಿಲ್ಲ. ತೀರಾ ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿಕೊಳ್ಳುವುದು. ಕೆಲವರು ಹಳೇ ಅಂಗಿಯ ಗುಂಡಿಯೊಂದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಚೀಪಿದರೆ ಜೊಲ್ಲು ಬರುತ್ತದೆ. ಹೊಸದಾಗಿ ಸೇರಿದವರಿಗೆ ಮಡಚುವುದಕ್ಕಿಂತ ಮೊದಲು ಇದನ್ನು ಕಲಿಸುತ್ತಿದ್ದರು.

ಗಿಡ್ಡಿಗೆ ಮಾತ್ರ ಈಚೆಗೆ ಎಷ್ಟು ಕಮ್ಮಿ ಕುಡಿದರೂ ತಡೆಯುತ್ತಿರಲಿಲ್ಲ. ಉರಿ ಅನ್ನುತ್ತಿದ್ದಳು. ಸೊಂಟದ ಹತ್ತಿರ ಯಾರೋ ಮೊಳೆ ಹೊಡೆದ ಹಾಗೆ ಅನ್ನುತ್ತಿದ್ದಳು. ಅವತ್ತು ಹೋಟೆಲಿನ ಗಾಡಿ ಹೊರಡುವ ಅವಸರದಲ್ಲಿ ಮೇಸ್ತ್ರಿ ಊಟದ ಹೊತ್ತನ್ನೇ ಮುಂದಕ್ಕೆ ಹಾಕಿದ. ಗಿಡ್ಡಿ ಎರಡು ಸಲ ಅವನ ಕಡೆ ನೋಡಿದಳು, ಹೋಗಲಿಲ್ಲ. ಆಮೇಲೆ ಹಾಸುಬಟ್ಟೆಯ ತುದಿಯನ್ನು ಕೊಡಲು ಉದ್ದಕ್ಕನ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು. ಉದ್ದಕ್ಕ ಅವಳ ಮುಖ ನೋಡಿದಳು, ಆಮೇಲೆ ಕಾಲ ಬಳಿ ನೆಲ ಒದ್ದೆಯಾಗುತ್ತಿದ್ದುದನ್ನು ನೋಡಿದಳು. ಬಿಳೀ ಬಟ್ಟೆಯ ಅಂಚು ಅದರಲ್ಲಿ ಬಿದ್ದಿತ್ತು. ಹಳದಿಯ ಜೊತೆ ಕೆಂಪೂ ಇತ್ತು.

ಮೇಸ್ತ್ರಿ ಬಂದ. ಯಂತ್ರ ನಿಲ್ಲಿಸಿದ. ಬೇರೆ ಯಾವ ಕಾರಣಕ್ಕೂ ಅವನು ಯಂತ್ರ ನಿಲ್ಲಿಸಿದವನಲ್ಲ.

“ಎಲ್ಲ ಬನ್ರೋ, ಮಗು ಹುಟ್ಟಿದೆ ಇಲ್ಲಿ. ಯಾರಾದ್ರೂ ತೊಟ್ಟಿಲು ತನ್ನಿ.” ಆಮೇಲೆ ದನಿ ಬದಲಾಯಿಸಿ, “ನಾಯಿಗೂ ಜಾಗ ಗೊತ್ತಿರುತ್ತೆ ಕಣೇ, ಹಲ್ಕಾ ಮುಂಡೆ. ಒರೆಸು. ಶೀಟು ಕೈಯಲ್ಲೇ ಒಗಿ. ಎಲ್ಲರೂ ನೋಡ್ಲಿ.”

ಗಿಡ್ಡಿ ಕೂತಳು. ಅವಳ ಮೈ ಜ್ವರದಿಂದ ಸುಡುತ್ತಿತ್ತು, ಒರೆಸುವ ಬಟ್ಟೆ ಒಂದು ಕಡೆ, ಒದ್ದೆ ಇನ್ನೊಂದು ಕಡೆ. ಉದ್ದಕ್ಕ ತನ್ನ ಕೈಯಲ್ಲಿದ್ದ ತುದಿಯನ್ನು ಕೆಳಗೆ ಬಿಟ್ಟು, ಮಂಡಿಯೂರಿ, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಒರೆಸಿದಳು. ನಿನಗ್ಯಾರು ಹೇಳಿದ್ರು ಅಂತ ಮೇಸ್ತ್ರಿ ಕೇಳಿದ. ಉದ್ದಕ್ಕ ನೆಲದ ಮೂಲೆಮೂಲೆಯನ್ನೂ ಒರೆಸಿ, ಎದ್ದು, ಗಿಡ್ಡಿಯ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಬಾಗಿಲು ದಾಟುವ ತನಕ ಅವನು ಅವರಿಬ್ಬರ ತಾಯಿ, ಅಜ್ಜಿಯರನ್ನೆಲ್ಲ ವಿಚಾರಿಸುತ್ತಲೇ ಇದ್ದ.

ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವಳು. ಹೊಟ್ಟೆ ಒತ್ತಿ ನೋಡಿ, ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು ಮೇಲಕ್ಕೇರಿ ಕಿಡ್ನಿಯ ತನಕ ಹೋಗಿದೆ ಅಂದಳು. ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಬೈದಳು.

“ನೀರು ಕುಡಿಯೋಕೇನು ಕಷ್ಟ ನಿಮಗೆ? ನೀರಿಗೂ ಬಡತನವಾ?”

“ಕುಡಿದ್ರೆ ಬರುತ್ತೆ ಮೇಡಮ್,” ಅಂದಳು ಉದ್ದಕ್ಕ.

“ಬಂದ್ರೆ ಹೋಗಬೇಕು.”

“ಅದಕ್ಕೇ ಕುಡಿಯಲ್ಲ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದಳು. ಆಮೇಲೆ ಬೈಯಲಿಲ್ಲ. ಸೂಜಿ ಹಾಕಿ, ಮಾತ್ರೆ ಕೊಟ್ಟು, ತಡೆದುಕೊಳ್ಳಬಾರದು, ಯಾರು ಏನೇ ಅಂದರೂ ತಡೆದುಕೊಳ್ಳಬಾರದು ಅಂತ ಹೇಳಿ ಕಳಿಸಿದಳು.

ಗಿಡ್ಡಿ ಒಂಟಿ. ಅವಳ ಗಂಡ ಬೇರೆ ಊರಿಗೆ ಕೆಲಸ ಹುಡುಕಲು ಹೋದವನು ಇನ್ನೂ ಹುಡುಕುತ್ತಲೇ ಇದ್ದ. ಉದ್ದಕ್ಕ ಅವಳನ್ನು ತನ್ನ ಮನೆಗೇ ಕರೆದುಕೊಂಡು ಬಂದು, ಒಂದೇ ಕೋಣೆಯ ಆ ಮನೆಯಲ್ಲಿ ತನ್ನ ಚಾಪೆಯ ಮೇಲೆ ಮಲಗಿಸಿ, ತಾನೂ ಪಕ್ಕದಲ್ಲಿ ಉರುಳಿಕೊಂಡಳು. ಗಾರೆ ಕೆಲಸದಿಂದ ಬಂದ ಗಂಡ ಬಾಗಿಲಲ್ಲಿ ನಿಂತು ಈ ಇಬ್ಬರು ಮಲಗಿದವರನ್ನೂ ತಣ್ಣಗಿದ್ದ ಒಲೆಯನ್ನೂ ನೋಡಿದ. ಅವನು ಕೆಟ್ಟವನಲ್ಲ. ಹೊಡೆದವನಲ್ಲ, ಕುಡಿದು ಬಂದವನಲ್ಲ. ಹೊಟ್ಟೆ ಹಸಿದರೆ ಹೆಂಡತಿಯ ಮುಖ ನೋಡುವುದು ಅವನಿಗೆ ರೂಢಿ, ಅಷ್ಟೇ.

“ಅಡುಗೆ?” ಅಂದ.

“ನೀನು ಮಾಡಿದ್ರೆ ಆಗುತ್ತೆ.”

“ನಂಗೆ ಬರಲ್ಲ.”

“ನಂಗೂ ಬರ್ತಿರಲಿಲ್ಲ. ಒಂದು ದಿನ ಶುರು ಮಾಡಿದೆ.”

ಅವನು ಮೂಲೆಯಲ್ಲಿ ಕೂತಿದ್ದ ತನ್ನ ತಾಯಿಯ ಕಡೆ ನೋಡಿದ, ಅಲ್ಲಿಂದ ನ್ಯಾಯ ಬರುತ್ತದೆ ಅಂತ. ಮುದುಕಿ ಗೋಡೆಗೆ ಒರಗಿ ಗಿಡ್ಡಿಯನ್ನೇ ನೋಡುತ್ತಿದ್ದಳು. ಅದೇ ಲಾಂಡ್ರಿಯಲ್ಲಿ, ಉರುಳೆಗಳಿಗಿಂತ ಮೊದಲು ಇದ್ದಿಲ ಇಸ್ತ್ರಿಪೆಟ್ಟಿಗೆಗಳಿದ್ದ ಕಾಲಕ್ಕೆ, ಅವಳೂ ದುಡಿದವಳು. ಏನಾಗಿದೆ ಇವಳಿಗೆ ಅಂತ ಕೇಳಿದಳು. ಉದ್ದಕ್ಕ ಹೇಳಿದಳು, ನೆಲ ಒರೆಸಿದ್ದನ್ನೂ ಸೇರಿಸಿ.

ಅತ್ತೆ ಕೈಚಾಚಿ ಗಿಡ್ಡಿಯ ಹಣೆ ಮುಟ್ಟಿ ನೋಡಿದಳು.

“ನಾನೂ ತಡ್ಕೊಂಡೆ,” ಅಂದಳು. “ಆಗ ಕಕ್ಕಸೇ ಇರಲಿಲ್ಲ. ಕತ್ತಲಾಗೋ ತನಕ ತಡ್ಕೊಬೇಕು. ಅಷ್ಟು ವರ್ಷ ಅದು ನನ್ನ ಮಾತು ಕೇಳ್ತು. ಈಗ ಕೇಳಲ್ಲ.”

ಹಿತ್ತಿಲ ಹಗ್ಗದ ಮೇಲೆ ಪ್ರತಿದಿನ ಒಣಗುತ್ತಿದ್ದ ಅತ್ತೆಯ ಬಟ್ಟೆಗಳು ಉದ್ದಕ್ಕನ ಕಣ್ಣಮುಂದೆ ಬಂದವು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಅವನ್ನು ತಾನೇ ಒಗೆದು ಹಾಕುತ್ತಿದ್ದ ಮುದುಕಿಯನ್ನು ಅವಳು ಮಡಿವಂತೆ ಅಂದುಕೊಂಡಿದ್ದಳು. ಕೋಣೆಯ ವಾಸನೆಯನ್ನು ವಯಸ್ಸಿನ ತಲೆಗೆ ಕಟ್ಟಿದ್ದಳು. ನೆಂಟರ ಮನೆಗೆ ಕರೆದರೆ ಬರುವುದಿಲ್ಲ, ಬಸ್ಸು ಹತ್ತುವುದಿಲ್ಲ, ಬಹಳ ಬಿಗುಮಾನ ಅಂತ ಗಿಡ್ಡಿಯ ಹತ್ತಿರ ಆಡಿಕೊಂಡದ್ದೂ ಉಂಟು.

“ಹೇಳಬೇಕಿತ್ತು ಅತ್ತೆ.”

“ಯಾರು ಕೇಳಿದ್ರು?” ಅಂದಳು ಅತ್ತೆ. ಆಮೇಲೆ ಮಗನ ಕಡೆ ತಿರುಗಿ, “ನೀನೇನು ನಿಂತಿದೀಯ. ಒಲೆ ಹಚ್ಚು,” ಅಂದಳು.

ಅವನು ಗಂಜಿ ಮಾಡಿದ. ತಳ ಹಿಡಿಯಿತು, ಉಪ್ಪು ಹೆಚ್ಚಾಯಿತು. ಆದರೂ ನಾಲ್ವರೂ ಉಂಡರು. ಉಪ್ಪಿನಿಂದಾಗಿ ಎಲ್ಲರೂ ತುಂಬಾ ನೀರು ಕುಡಿದರು. ಡಾಕ್ಟರಮ್ಮ ಹೇಳಿದ್ದೂ ಅದನ್ನೇ ಅಂತ ಗಿಡ್ಡಿ ಅಂದಾಗ, ಅವನು ಅದನ್ನು ಹೊಗಳಿಕೆ ಅಂದುಕೊಂಡ.

ಮರುದಿನ ಗಿಡ್ಡಿಯನ್ನು ಅತ್ತೆಯ ಜೊತೆ ಬಿಟ್ಟು ಉದ್ದಕ್ಕ ಕೆಲಸಕ್ಕೆ ಬಂದಳು. ಬರುವಾಗ ದೊಡ್ಡ ಬಾಟಲಿ ತುಂಬ ನೀರು ತಂದಿದ್ದಳು. ಉರುಳೆಯ ಪಕ್ಕ ನಿಂತು, ಕತ್ತು ಹಿಂದಕ್ಕೆ ಹಾಕಿ, ಗಟಗಟ ಕುಡಿದಳು. ಪಕ್ಕದ ಜೋಡಿಯ ಕೆಮ್ಮಿನಕ್ಕ ಅವಳು ವಿಷ ಕುಡಿಯುತ್ತಿದ್ದಾಳೇನೋ ಎಂಬಂತೆ ನೋಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಕುಡಿದಳು. ಬಾಟಲಿ ಮುಗಿದ ಮೇಲೆ ಹೋಗಿ ಮೇಸ್ತ್ರಿಯ ಮುಂದೆ ಕೈಚಾಚಿದಳು.

“ನಿನ್ನ ಜೋಡಿ ಕಾಯಿಲೆ ನಿಂಗೂ ಅಂಟ್ತಾ? ಊಟದ ಹೊತ್ತಿಗೆ ಬಾ, ಹೋಗು.”

ಉದ್ದಕ್ಕ ಹೋದಳು. ಆದರೆ ಉರುಳೆಯ ಕಡೆಗಲ್ಲ. ಮೂಲೆಯ ಮೆಟ್ಟಿಲು ಹತ್ತಿ ಯಜಮಾನರ ಕೋಣೆಗೆ ಹೋದಳು. ಅಲ್ಲಿ ಯಜಮಾನರು ಒಂದು ದೊಡ್ಡ ಹೋಟೆಲಿನ ಮ್ಯಾನೇಜರನ್ನು ಕೂರಿಸಿಕೊಂಡು ನಗುನಗುತ್ತಾ ಮಾತಾಡುತ್ತಿದ್ದರು. ಏನು ಬೇಕು ಅಂತ ಕೇಳಿದರು.

“ಬಚ್ಚಲು,” ಅಂದಳು. “ನಮ್ಮದಕ್ಕೆ ಬೀಗ ಹಾಕಿದೆ.”

ಯಜಮಾನರ ನಗು ಮುಖದ ಮೇಲೇ ಉಳಿಯಿತು. “ಇದು ನಿಮ್ಮಂಥವರಿಗಲ್ಲಮ್ಮ. ಕೆಳಗೆ ಹೋಗು.”

“ಕೆಳಗೆ ಹೋಗೋ ಅಷ್ಟರಲ್ಲಿ ಇಲ್ಲೇ ಆಗುತ್ತೆ,” ಅಂದಳು ಉದ್ದಕ್ಕ. ಬೆದರಿಕೆಯಲ್ಲ, ಇದ್ದ ವಿಷಯ. ಮ್ಯಾನೇಜರು ತನ್ನ ಬೂಟುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅವಳು ಅವರ ನಡುವೆ ಹಾದು, ಆ ಕೋಣೆಗೇ ಸೇರಿದ್ದ ಬಚ್ಚಲಿನ ಒಳಗೆ ಹೋಗಿ ಅಗುಳಿ ಹಾಕಿದಳು.

ಒಳಗೆ ತಂಪಾಗಿತ್ತು. ಯಾರೂ ಬಾಗಿಲು ಬಡಿಯಲಿಲ್ಲ. ಅತಿಥಿಯ ಎದುರಿಗೆ ಬಡಿಯುವುದು ಹೇಗೆ? ಅವಳು ನಿಧಾನವಾಗಿ ಕೂತಳು. ಅವಸರವಿಲ್ಲದೆ ಕೂತು ಎಷ್ಟು ಕಾಲವಾಗಿತ್ತೋ, ಮೈಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಮುಖ ತೊಳೆದಳು, ಕತ್ತು ತೊಳೆದಳು, ಕಂಕುಳು ತೊಳೆದಳು. ಕನ್ನಡಿಯಲ್ಲಿ ಹಣೆಯ ಮೇಲೆ ಅಂಟಿದ್ದ ಕೂದಲನ್ನು ಸರಿಮಾಡಿಕೊಂಡಳು. ಈಚೆ ಬಂದಾಗ ಬಾಗಿಲ ಹೊರಗೆ ಕೆಮ್ಮಿನಕ್ಕ ನಿಂತಿದ್ದಳು, ಅವಳ ಹಿಂದೆ ಮೆಟ್ಟಿಲ ಮೇಲೆ ಇನ್ನೂ ಮೂರ್ನಾಲ್ಕು ಜನ. ಯಾರೂ ಯಾರಿಗೂ ಹೇಳಿರಲಿಲ್ಲ. ಕೆಮ್ಮಿನಕ್ಕ ಯಜಮಾನರಿಗೆ ಸಣ್ಣಗೆ ತಲೆಬಾಗಿ ಒಳಗೆ ಹೋದಳು.

ಯಜಮಾನರು ಮ್ಯಾನೇಜರಿಗೆ ಕೇಳುವ ಹಾಗೆ, ಇದೆಲ್ಲ ನನ್ನ ಗಮನಕ್ಕೇ ಬಂದಿರಲಿಲ್ಲ, ನಾಳೆಯೇ ಆ ಬೀಗ ತೆಗೆಸ್ತೀನಿ ಅಂದರು.

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಹೆಂಗಸರು ಬಂದಾಗ ಬೀಗ ಇರಲಿಲ್ಲ. ಬಾಗಿಲೂ ಇರಲಿಲ್ಲ. ಕೀಲುಗಳಿದ್ದ ಕಡೆ ಚೌಕಟ್ಟಿನಲ್ಲಿ ಹೊಸ ತೂತುಗಳಿದ್ದವು. ಗಂಡಸರು ಮೂಟೆ ಇಳಿಸುವ ಜಾಗಕ್ಕೆ ನೇರ ಎದುರಾಗಿ ಆ ಕಕ್ಕಸು ಬಾಯಿ ತೆರೆದುಕೊಂಡಿತ್ತು.

“ಬೀಗ ಬೇಡ ಅಂದ್ರಲ್ಲ,” ಅಂದ ಮೇಸ್ತ್ರಿ. “ಈಗ ಯಾವಾಗ ಬೇಕಾದ್ರೂ ಹೋಗಿ. ಯಾರನ್ನೂ ಕೇಳಬೇಡಿ.”

ಮೆಟ್ಟಿಲ ಬುಡಕ್ಕೆ ಒಂದು ಕುರ್ಚಿ ಹಾಕಿ ಕಾವಲುಗಾರನನ್ನೂ ಕೂರಿಸಿದ್ದರು. ಆ ದಿನ ಯಾರೂ ನೀರು ಕುಡಿಯಲಿಲ್ಲ. ಕೆಮ್ಮಿನಕ್ಕ ಒಂದು ಹಾಸುಬಟ್ಟೆ ತಂದು ಚೌಕಟ್ಟಿಗೆ ಇಳಿಬಿಟ್ಟಳು. ಗಿರಾಕಿಯ ಮಾಲು ಮುಟ್ಟಿದರೆ ಕೆಲಸ ಹೋಯ್ತು ಅಂತ ಮೇಸ್ತ್ರಿ ಅದನ್ನು ಕಿತ್ತು ಅವಳ ಮುಖಕ್ಕೆ ಎಸೆದ. ಇದೆಲ್ಲ ನಿನ್ನಿಂದ ಬಂತು ಅಂತ ಇಬ್ಬರು ಉದ್ದಕ್ಕನಿಗೆ ನೇರವಾಗೇ ಹೇಳಿದರು. ಬೀಗವಾದರೂ ಇತ್ತಲ್ಲ, ಮಾನ ಉಳಿದಿತ್ತಲ್ಲ ಅಂದರು. ಉದ್ದಕ್ಕ ಮನೆಗೆ ಬಂದು ಗಂಡನ ಮೇಲೆ ರೇಗಿದಳು. ಅವನು ಅವತ್ತು ಉಪ್ಪು ಸರಿಯಾಗಿ ಹಾಕಿದ್ದ. ಯಾರೂ ಅದನ್ನು ಹೇಳಲಿಲ್ಲ.

ಜ್ವರ ಬಿಟ್ಟ ಮೇಲೆ ಗಿಡ್ಡಿ ಕೆಲಸಕ್ಕೆ ಬಂದಳು. ಬಾಗಿಲಿನ ವಿಷಯ ಗೊತ್ತಿದ್ದೇ ಬಂದಳು, ಡಾಕ್ಟರಮ್ಮ ಹೇಳಿದ ಹಾಗೆ ನೀರು ಕುಡಿಯುತ್ತಲೇ ಬಂದಳು. ಬೆಳಗಿನ ಮೊದಲ ಹಾಸುಬಟ್ಟೆಗಳನ್ನು ಮಡಚುತ್ತಿದ್ದಾಗ ಅಂಚು ಕೊಡಲು ಹತ್ತಿರ ಬಂದು, “ನಂಗೆ ಹೋಗಬೇಕು ಕಣೆ,” ಅಂದಳು.

“ಬಾಗಿಲಿಲ್ಲ.”

“ಗೊತ್ತು. ಆದ್ರೂ ಹೋಗಬೇಕು. ಇನ್ನು ತಡ್ಕೊಳ್ಳಲ್ಲ.”

ಉದ್ದಕ್ಕ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟಳು. ಗಿಡ್ಡಿಯ ಹಿಂದೆಯೇ ಹೋಗಿ, ಅವಳು ಒಳಗೆ ಕಾಲಿಟ್ಟ ಮೇಲೆ, ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಎತ್ತರಕ್ಕೆ ಸಾಲುತ್ತಿದ್ದಳು, ಅಗಲಕ್ಕೆ ಸಾಲುತ್ತಿರಲಿಲ್ಲ. ಎರಡೂ ಕಡೆ ಕಾಣುತ್ತಿತ್ತು. ಮೂಟೆ ಇಳಿಸುತ್ತಿದ್ದವರಲ್ಲಿ ಒಬ್ಬ ಕತ್ತು ಓರೆ ಮಾಡಿದ. ಆಗ ಕೆಮ್ಮಿನಕ್ಕ ಕೆಮ್ಮುತ್ತಾ ಬಂದು ಉದ್ದಕ್ಕನ ಬಲಕ್ಕೆ ನಿಂತಳು. ನಿನ್ನಿಂದ ಬಂತು ಅಂದಿದ್ದ ಇಬ್ಬರಲ್ಲಿ ಒಬ್ಬಳು ಎಡಕ್ಕೆ ಬಂದಳು. ಬಂದವಳು ಉದ್ದಕ್ಕನ ಮುಖ ನೋಡಲಿಲ್ಲ, ಭುಜ ಒತ್ತಿ ನಿಂತಳು. ಆಮೇಲೆ ಉಳಿದವರು. ಮೇಜುಗಳ ಹತ್ತಿರ ಒಬ್ಬರೂ ಉಳಿಯಲಿಲ್ಲ.

ಉರುಳೆ ಹಾಸುಬಟ್ಟೆಗಳನ್ನು ಉಗುಳುತ್ತಲೇ ಇತ್ತು. ತೆಗೆಯುವವರಿಲ್ಲದೆ ಅವು ಒಂದರ ಮೇಲೊಂದು ಸುತ್ತಿಕೊಂಡು, ಒಂದು ಒಳಗೇ ಸಿಕ್ಕಿಹಾಕಿಕೊಂಡು, ಸುಟ್ಟ ವಾಸನೆ ಬಂತು. ಮೇಸ್ತ್ರಿ ಓಡಿಬಂದ. ನಿಮ್ಮವ್ವನ್, ನಿಮ್ಮಜ್ಜಿಯನ್ ಅಂತ ಶುರುಮಾಡಿದ. ಕೆಲಸ ಹೋಯ್ತು ಅಂದ, ಇವತ್ತೇ ಹೋಯ್ತು ಅಂದ. ಯಾರ ಕೆಲಸ ಅಂತ ಹೇಳಲು ಬೆರಳೆತ್ತಿದವನಿಗೆ ಯಾರ ಕಡೆ ತೋರಿಸುವುದು ಅಂತ ತಿಳಿಯಲಿಲ್ಲ. ಬೆರಳು ಅತ್ತಿತ್ತ ಆಡಿತು. ಗಂಡಸರಲ್ಲಿ ಯಾರಾದರೂ ನಗುತ್ತಾರೇನೋ ಎಂದು ಹಿಂತಿರುಗಿ ನೋಡಿದ. ಅವರು ಮೂಟೆ ಕೆಳಗಿಟ್ಟು ನಿಂತಿದ್ದರು, ಅಷ್ಟೇ.

ಹೊಗೆ ಕಂಡು ಯಜಮಾನರೇ ಮೆಟ್ಟಿಲಿಳಿದು ಬಂದರು. ಮೂಗಿಗೆ ಕರ್ಚೀಫು ಹಿಡಿದು, ಸಾಲಾಗಿ ನಿಂತ ಹೆಂಗಸರ ಮುಂದೆ ಬಂದು, ಏನಿದೆಲ್ಲ, ಪಕ್ಕಕ್ಕೆ ಸರಿಯಿರಿ ಅಂದರು.

“ಒಳಗೆ ಜನ ಇದ್ದಾರೆ,” ಅಂದಳು ಉದ್ದಕ್ಕ.

ಬೆನ್ನ ಹಿಂದಿನಿಂದ ಗಿಡ್ಡಿಯ ದನಿ ಬಂತು, “ಇನ್ನೂ ಆಗಿಲ್ಲ.”